ವೇಗಿಯ ಬೆನ್ನು, ಮೂಳೆಯ ಲೆಕ್ಕ: ಸೊಂಟದ ಸ್ಟ್ರೆಸ್ ಫ್ರ್ಯಾಕ್ಚರ್ ಕುರಿತು ಒಂದು ಸಂಶೋಧನಾ ಟಿಪ್ಪಣಿ

1. ಪ್ರಶ್ನೆ

2023ರ ಜುಲೈ 21ರಂದು ಭಾರತೀಯ ಕ್ರಿಕೆಟ್ ಮಂಡಳಿ ಗಾಯಾಳು ಆಟಗಾರರ ಬಗ್ಗೆ ಒಂದು ವೈದ್ಯಕೀಯ ಪ್ರಕಟಣೆ ಹೊರಡಿಸಿತು. ಜಸ್‌ಪ್ರೀತ್ ಬುಮ್ರಾ ಮತ್ತು ಕರ್ನಾಟಕದ ಪ್ರಸಿದ್ಧ್ ಕೃಷ್ಣ ಇಬ್ಬರೂ ಪುನಶ್ಚೇತನದ ಕೊನೆಯ ಹಂತಕ್ಕೆ ಬಂದಿದ್ದಾರೆ, ನೆಟ್ಸ್‌ನಲ್ಲಿ ಪೂರ್ಣ ಕಸುವಿನಿಂದ ಬೌಲ್ ಮಾಡುತ್ತಿದ್ದಾರೆ, ಇನ್ನು ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿ ಏರ್ಪಡಿಸುವ ಅಭ್ಯಾಸ ಪಂದ್ಯಗಳಲ್ಲಿ ಆಡಲಿದ್ದಾರೆ ಎಂಬುದು ಅದರ ಸಾರಾಂಶ. ಆಗಸ್ಟ್ 18ರಂದು ಐರ್ಲೆಂಡ್ ವಿರುದ್ಧದ ಟಿ20 ಪಂದ್ಯದಲ್ಲಿ ಇಬ್ಬರೂ ಒಟ್ಟಿಗೆ ಕಣಕ್ಕಿಳಿದರು, ತಲಾ ಎರಡು ವಿಕೆಟ್ ಪಡೆದರು. ಬುಮ್ರಾ ಅದಕ್ಕೂ ಮೊದಲು ದೇಶಕ್ಕಾಗಿ ಆಡಿದ್ದು 2022ರ ಸೆಪ್ಟೆಂಬರ್ 25ರಂದು. ಪ್ರಸಿದ್ಧ್ ಸುಮಾರು ಒಂದು ವರ್ಷದಿಂದ ಮೈದಾನದಾಚೆ ಇದ್ದರು. ಇಬ್ಬರ ಬೆನ್ನಿಗೂ ಶಸ್ತ್ರಚಿಕಿತ್ಸೆಯಾಗಿತ್ತು. ಪ್ರಸಿದ್ಧ್ ಅವರದು ಸೊಂಟದ ಭಾಗದ ಸ್ಟ್ರೆಸ್ ಫ್ರ್ಯಾಕ್ಚರ್ ಎಂದು ಆಗಲೇ ಬಹಿರಂಗವಾಗಿತ್ತು.

ನೆಟ್ಸ್‌ನಲ್ಲಿ ಪೂರ್ಣ ವೇಗದಲ್ಲಿ ಬೌಲ್ ಮಾಡಬಲ್ಲವನನ್ನು ಮರುದಿನವೇ ಪಂದ್ಯಕ್ಕೆ ಇಳಿಸಬಾರದೇಕೆ? ನೋವು ಮಾಯವಾದ ಮೇಲೂ ತಿಂಗಳುಗಟ್ಟಲೆ ಕಾಯಿಸುವುದೇಕೆ? ಬೆನ್ನಿನ ಈ ಗಾಯವನ್ನು ಮೊದಲೇ ತಡೆಯಲು ಬರುವುದಿಲ್ಲವೆ? ಈ ಮೂರು ಪ್ರಶ್ನೆಗಳಿಗೆ ಕ್ರೀಡಾ ವೈದ್ಯಶಾಸ್ತ್ರ ಕಳೆದ ಐವತ್ತು ವರ್ಷಗಳಲ್ಲಿ ಕಂಡುಕೊಂಡ ಉತ್ತರಗಳನ್ನು ಈ ಟಿಪ್ಪಣಿ ಪರಿಶೀಲಿಸುತ್ತದೆ. ನನ್ನ ವಾದ ಇಷ್ಟೇ: ಈ ಗಾಯದ ಮಟ್ಟಿಗೆ ಕ್ರೀಡಾ ವೈದ್ಯರ ದೊಡ್ಡ ಕೊಡುಗೆ ಶಸ್ತ್ರಚಿಕಿತ್ಸೆಯಲ್ಲ, ಕಾಲದ ಲೆಕ್ಕ. ಮೂಳೆ ತನ್ನದೇ ಗತಿಯಲ್ಲಿ ಸವೆಯುತ್ತದೆ, ತನ್ನದೇ ಗತಿಯಲ್ಲಿ ಕೂಡಿಕೊಳ್ಳುತ್ತದೆ. ಆ ಗತಿಗೆ ಪಂದ್ಯಗಳ ವೇಳಾಪಟ್ಟಿ ಹೊಂದದಿದ್ದಾಗ ಬೆನ್ನು ಮುರಿಯುತ್ತದೆ.

2. ಗಾಯದ ಸ್ವರೂಪ

ಸೊಂಟದ ಭಾಗದಲ್ಲಿ ಐದು ಕಶೇರುಮಣಿಗಳಿವೆ. ಪ್ರತಿ ಮಣಿಯ ಹಿಂಬದಿಯಲ್ಲಿ, ಮೇಲಿನ ಕೀಲನ್ನೂ ಕೆಳಗಿನ ಕೀಲನ್ನೂ ಜೋಡಿಸುವ ಒಂದು ಸಣ್ಣ ಮೂಳೆಸೇತುವೆ ಎರಡೂ ಕಡೆ ಇರುತ್ತದೆ. ವೈದ್ಯರು ಇದನ್ನು ಪಾರ್ಸ್ ಎನ್ನುತ್ತಾರೆ. ಬೆನ್ನನ್ನು ಹಿಂದಕ್ಕೆ ಬಾಗಿಸಿ, ಅದೇ ಹೊತ್ತಿಗೆ ಪಕ್ಕಕ್ಕೆ ವಾಲಿಸಿ, ತಿರುಚಿದಾಗ ಅತಿ ಹೆಚ್ಚು ಒತ್ತಡ ಬೀಳುವುದು ಇಲ್ಲಿಗೇ. ವೇಗದ ಬೌಲರ್ ಪ್ರತಿ ಎಸೆತದಲ್ಲೂ ಈ ಮೂರನ್ನೂ ಒಟ್ಟಿಗೆ ಮಾಡುತ್ತಾನೆ.

ಎಸೆತದ ಆ ಕ್ಷಣವನ್ನು ಬಿಡಿಸಿ ನೋಡೋಣ. ಬಲಗೈ ವೇಗಿ ಓಡಿಬಂದು ನೆಗೆಯುತ್ತಾನೆ. ಮೊದಲು ಬಲಗಾಲು ಊರುತ್ತದೆ, ಬಳಿಕ ಎಡಗಾಲು ಕ್ರೀಸ್‌ಗೆ ಅಪ್ಪಳಿಸುತ್ತದೆ. ಎಡಗಾಲು ನೆಲ ಮುಟ್ಟಿದ ಸುಮಾರು ಹತ್ತನೇ ಒಂದು ಸೆಕೆಂಡಿನಲ್ಲಿ ಚೆಂಡು ಕೈಬಿಟ್ಟಿರುತ್ತದೆ. ಇಷ್ಟರೊಳಗೆ ನೆಲದಿಂದ ಮೇಲಕ್ಕೆ ಬರುವ ಬಲ ದೇಹತೂಕದ ಸರಾಸರಿ ಆರೇಳು ಪಟ್ಟು ಇರುತ್ತದೆ ಎಂದು ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದ ಅಳತೆಗಳು ತೋರಿಸಿವೆ. ಮುಂಡ ಎಡಕ್ಕೆ ವಾಲಿರುತ್ತದೆ, ಸೊಂಟ ಹಿಂದಕ್ಕೆ ಬಾಗಿರುತ್ತದೆ. ಹೀಗಾಗಿ ಬಲಗೈ ಬೌಲರ್‌ಗೆ ಗಾಯವಾಗುವುದು ಹೆಚ್ಚಾಗಿ ಎಡಬದಿಯಲ್ಲಿ, ಅದೂ ಕೆಳಗಿನ ಮಣಿಗಳಲ್ಲಿ. ಎಡಗೈ ಬೌಲರ್‌ಗೆ ಇದು ಅದಲುಬದಲು.

ಯಾವುದೋ ಒಂದು ಎಸೆತದಿಂದ ಈ ಮೂಳೆ ಮುರಿಯುವುದಿಲ್ಲ. ಒತ್ತಡ ಬಿದ್ದ ಕಡೆ ಮೂಳೆಯಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಹುಟ್ಟುತ್ತವೆ. ದೇಹ ಅವನ್ನು ದುರಸ್ತಿ ಮಾಡುತ್ತದೆ. ಆ ದುರಸ್ತಿಯ ಕ್ರಮದಲ್ಲೇ ಅಪಾಯ ಅಡಗಿದೆ. ಹಾಳಾದ ಮೂಳೆಯನ್ನು ಕರಗಿಸುವ ಜೀವಕೋಶಗಳು ಮೊದಲು ಕೆಲಸಕ್ಕಿಳಿಯುತ್ತವೆ, ಹೊಸ ಮೂಳೆ ಕಟ್ಟುವ ಜೀವಕೋಶಗಳು ಆಮೇಲೆ ಬರುತ್ತವೆ. ಕರಗಿಸುವುದು ಕೆಲವೇ ವಾರಗಳ ಕೆಲಸ. ಕಟ್ಟಿ ಗಟ್ಟಿಮಾಡುವುದಕ್ಕೆ ತಿಂಗಳುಗಳೇ ಬೇಕು. ನಡುವಿನ ಅವಧಿಯಲ್ಲಿ ಆ ಜಾಗ, ಟಾರು ಹಾಕಲೆಂದು ಅಗೆದಿಟ್ಟ ರಸ್ತೆಯಂತೆ, ಮೊದಲಿಗಿಂತ ದುರ್ಬಲವಾಗಿರುತ್ತದೆ. ಆಗಲೂ ಬೌಲಿಂಗ್ ಅದೇ ಭರದಲ್ಲಿ ನಡೆದರೆ ಬಿರುಕು ಬೆಳೆದು ಸ್ಟ್ರೆಸ್ ಫ್ರ್ಯಾಕ್ಚರ್ ಆಗುತ್ತದೆ. ಬಿಡುವು ಸಿಕ್ಕರೆ ಅದೇ ಜಾಗ ಮೊದಲಿಗಿಂತ ಗಟ್ಟಿಯಾಗುತ್ತದೆ. ವರ್ಷಗಟ್ಟಲೆ ಆಡಿದ ವೇಗಿಗಳ ಸೊಂಟದ ಮೂಳೆ ಇತರರಿಗಿಂತ ಸಾಂದ್ರವಾಗಿರುವುದನ್ನೂ, ಬೌಲಿಂಗ್ ಕೈಯ ಎದುರು ಬದಿಯಲ್ಲಿ ಆ ಸಾಂದ್ರತೆ ಇನ್ನೂ ಹೆಚ್ಚಿರುವುದನ್ನೂ ಲಫ್‌ಬರೋದ ಸಂಶೋಧಕರು ದಾಖಲಿಸಿದ್ದಾರೆ. ಮುರಿಯುವ ಜಾಗವೂ ಬಲಗೊಳ್ಳುವ ಜಾಗವೂ ಒಂದೇ. ಯಾವುದು ಆಗುತ್ತದೆ ಎಂಬುದನ್ನು ನಿರ್ಧರಿಸುವುದು ಹೊರೆ ಮತ್ತು ಬಿಡುವಿನ ಪ್ರಮಾಣ.

ಆಸ್ಟ್ರೇಲಿಯಾದ ಪುರುಷರ ಕ್ರಿಕೆಟ್‌ನಲ್ಲಿ ದಶಕಗಳಿಂದ ನಡೆದುಬಂದ ಗಾಯಗಳ ದಾಖಲಾತಿಯನ್ನು ನೋಡಿದರೆ, ಅತಿ ಹೆಚ್ಚು ಬಾರಿ ಆಗುವ ಗಾಯ ತೊಡೆಯ ಹಿಂಭಾಗದ ಸ್ನಾಯುವಿನದು. ಆದರೆ ಆಟದಿಂದ ಅತಿ ಹೆಚ್ಚು ಕಾಲ ದೂರವಿಡುವ ಗಾಯ ಸೊಂಟದ ಸ್ಟ್ರೆಸ್ ಫ್ರ್ಯಾಕ್ಚರ್.

3. ಡೆನ್ನಿಸ್ ಲಿಲ್ಲಿ: ಮೊದಲ ಪಾಠ

1973ರಲ್ಲಿ ವೆಸ್ಟ್ ಇಂಡೀಸ್ ಪ್ರವಾಸದಲ್ಲಿದ್ದ ಡೆನ್ನಿಸ್ ಲಿಲ್ಲಿ ಬೆನ್ನುನೋವಿನಿಂದಾಗಿ ಒಂದೇ ಟೆಸ್ಟ್ ಆಡಿ ಹೊರಬಿದ್ದರು. ಕಶೇರುಮಣಿಗಳಲ್ಲಿ ಸ್ಟ್ರೆಸ್ ಫ್ರ್ಯಾಕ್ಚರ್ ಇರುವುದು ಪತ್ತೆಯಾಯಿತು. ಆಗಿನ ಕಾಲಕ್ಕೆ ವೇಗಿಯೊಬ್ಬನ ಆಟ ಅಲ್ಲಿಗೆ ಮುಗಿದಂತೆಯೇ. ಲಿಲ್ಲಿಯವರ ಮುಂಡಕ್ಕೆ ವಾರಗಟ್ಟಲೆ ಪ್ಲಾಸ್ಟರ್ ಕವಚ ಹಾಕಲಾಯಿತು. ಕವಚ ತೆಗೆದ ಮೇಲೆ ನಡೆದ ಕೆಲಸವೇ ನಮಗೆ ಮುಖ್ಯ. ವೆಸ್ಟರ್ನ್ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದ ವ್ಯಾಯಾಮ ವಿಜ್ಞಾನಿ ಫ್ರಾಂಕ್ ಪೈಕ್ ಅವರಿಗೊಂದು ಕ್ರಮಬದ್ಧ ಕಾರ್ಯಕ್ರಮ ರೂಪಿಸಿದರು: ಓಟ, ಹೊಟ್ಟೆ ಮತ್ತು ಬೆನ್ನಿನ ಸ್ನಾಯುಗಳ ಬಲವರ್ಧನೆ, ಹಂತ ಹಂತವಾಗಿ ಬೌಲಿಂಗ್‌ಗೆ ಮರಳುವಿಕೆ. ಲಿಲ್ಲಿ ಶೈಲಿಯನ್ನೂ ಹದಗೊಳಿಸಿಕೊಂಡರು. 1974–75ರ ಆ್ಯಷಸ್ ಸರಣಿಯಲ್ಲಿ 25 ವಿಕೆಟ್ ಪಡೆದರು. ನಿವೃತ್ತಿಯ ಹೊತ್ತಿಗೆ 70 ಟೆಸ್ಟ್‌ಗಳಲ್ಲಿ 355 ವಿಕೆಟ್ ಅವರ ಹೆಸರಿನಲ್ಲಿದ್ದವು.

ಗಾಯಾಳುವನ್ನು ಮಲಗಿಸಿ ನೋವು ಇಳಿಯಲೆಂದು ಕಾಯುವ ಚಿಕಿತ್ಸೆಗೂ, ಆಟದ ಬೇಡಿಕೆಗೆ ದೇಹವನ್ನು ಮತ್ತೆ ಅಣಿಗೊಳಿಸುವ ಚಿಕಿತ್ಸೆಗೂ ಇರುವ ಅಂತರ ಈ ಪ್ರಕರಣದಿಂದ ಮೊದಲ ಬಾರಿಗೆ ಕ್ರಿಕೆಟ್ ಲೋಕಕ್ಕೆ ಸ್ಪಷ್ಟವಾಯಿತು. ಇದರ ಫಲ ನಮ್ಮಲ್ಲಿಗೂ ಬಂತು. 1987ರಿಂದ ಲಿಲ್ಲಿ ಚೆನ್ನೈನ ಎಂಆರ್‌ಎಫ್ ಪೇಸ್ ಫೌಂಡೇಶನ್‌ನಲ್ಲಿ ತರಬೇತಿ ಕೊಟ್ಟರು. ಮೈಸೂರಿನ ಜಾವಗಲ್ ಶ್ರೀನಾಥ್, ಬೆಂಗಳೂರಿನ ವೆಂಕಟೇಶ್ ಪ್ರಸಾದ್ ಇಬ್ಬರೂ ಅಲ್ಲಿ ಪಳಗಿದವರು. ವೇಗದ ಬೌಲಿಂಗ್ ಕಲಿಸುವುದೆಂದರೆ ಚೆಂಡು ಹಿಡಿಯುವುದನ್ನು ಕಲಿಸುವುದಷ್ಟೇ ಅಲ್ಲ, ಎಸೆತದ ಹೊಡೆತ ತಾಳುವ ದೇಹವನ್ನು ಕಟ್ಟುವುದು ಎಂಬ ತಿಳಿವಳಿಕೆ ಭಾರತದಲ್ಲಿ ಬೇರೂರಲು ಆ ಶಾಲೆ ದೊಡ್ಡ ಕಾರಣ.

4. ಶೈಲಿಯ ಪ್ರಶ್ನೆ

ಲಿಲ್ಲಿಯವರ ಊರಾದ ಪರ್ತ್‌ನಲ್ಲೇ ಮುಂದಿನ ಹೆಜ್ಜೆಯೂ ಬಿತ್ತು. ಡ್ಯಾರಿಲ್ ಫಾಸ್ಟರ್, ಬ್ರೂಸ್ ಎಲಿಯಟ್ ಮತ್ತು ಸಂಗಡಿಗರು 82 ಎಳೆಯ ವೇಗಿಗಳನ್ನು ಋತುವಿಗೆ ಮೊದಲು ಪರೀಕ್ಷಿಸಿ, ಇಡೀ ಋತು ಹಿಂಬಾಲಿಸಿ, 1989ರಲ್ಲಿ ಫಲಿತಾಂಶ ಪ್ರಕಟಿಸಿದರು. ಆ ಒಂದೇ ಋತುವಿನಲ್ಲಿ ಶೇ 38ರಷ್ಟು ಹುಡುಗರಿಗೆ ಬೆನ್ನಿನ ಗಾಯವಾಯಿತು. ಶೇ 11ರಷ್ಟು ಮಂದಿಗೆ ಕಶೇರುಮಣಿಯ ಸ್ಟ್ರೆಸ್ ಫ್ರ್ಯಾಕ್ಚರ್ ಆಯಿತು.

ಬೌಲಿಂಗ್ ಶೈಲಿಯಲ್ಲಿ ಪಕ್ಕಕ್ಕೆ ತಿರುಗಿ ಎಸೆಯುವವರಿದ್ದಾರೆ, ಎದೆ ಮುಂದಿಟ್ಟು ಎಸೆಯುವವರಿದ್ದಾರೆ. ಇವೆರಡೂ ತಮ್ಮಷ್ಟಕ್ಕೆ ಅಪಾಯಕಾರಿಯಲ್ಲ. ಹಿಂಗಾಲು ಊರಿದಾಗ ಎದೆ ಮುಂದಿದ್ದು, ಮುಂಗಾಲು ಊರುವಷ್ಟರಲ್ಲಿ ಭುಜಗಳನ್ನು ಪಕ್ಕಕ್ಕೆ ತಿರುಚಿಕೊಳ್ಳುವ ಮಿಶ್ರ ಶೈಲಿಯೇ ಹೆಚ್ಚು ಅಪಾಯದ್ದು ಎಂದು ಪರ್ತ್ ತಂಡ ಕಂಡುಕೊಂಡಿತು. ಭುಜಗಳು ಹೀಗೆ 40 ಡಿಗ್ರಿಗಿಂತ ಹೆಚ್ಚು ತಿರುಗುವವರಲ್ಲಿ ಮೂಳೆಯ ಗಾಯ ಎದ್ದು ಕಂಡಿತು. ಜಗತ್ತಿನ ಕೋಚಿಂಗ್ ಕೈಪಿಡಿಗಳು ಬದಲಾದದ್ದು ಈ ಸಂಶೋಧನೆಯಿಂದ.

ನಂತರದ ಅಧ್ಯಯನಗಳು ಚಿತ್ರವನ್ನು ಇನ್ನಷ್ಟು ಸೂಕ್ಷ್ಮಗೊಳಿಸಿವೆ. ಭುಜದ ತಿರುವೊಂದೇ ಅಲ್ಲ, ಮುಂಗಾಲು ಊರುವ ಹೊತ್ತಿಗೆ ಕೆಳಬೆನ್ನು ಎಷ್ಟು ಹಿಂದಕ್ಕೆ ಬಾಗಿರುತ್ತದೆ, ಪಕ್ಕಕ್ಕೆ ಎಷ್ಟು ವಾಲಿರುತ್ತದೆ, ಹಿಂಗಾಲಿನ ಬದಿಯ ಸೊಂಟದ ಕೀಲು ಎಷ್ಟು ಮಡಿಚಿರುತ್ತದೆ ಎಂಬುದೂ ಲೆಕ್ಕಕ್ಕೆ ಬರುತ್ತವೆ. ಶೈಲಿಯನ್ನು ತಿದ್ದಲು ಸಾಧ್ಯವೆ ಎಂಬ ಪ್ರಶ್ನೆಯನ್ನು ಕ್ರೇಗ್ ರ‍್ಯಾನ್ಸನ್ ಮತ್ತು ಸಂಗಡಿಗರು ಇಂಗ್ಲೆಂಡಿನ ಉನ್ನತ ಮಟ್ಟದ ವೇಗಿಗಳಲ್ಲಿ ಎರಡು ವರ್ಷ ಪರೀಕ್ಷಿಸಿದರು. ಭುಜದ ತಿರುವನ್ನು ತಗ್ಗಿಸಲು ಸಾಧ್ಯವಾಯಿತು; ಕೆಳಮುಂಡದ ವಾಲುವಿಕೆ ಮಾತ್ರ ಬಗ್ಗಲಿಲ್ಲ. ಹತ್ತು ವರ್ಷ ರೂಢಿಸಿಕೊಂಡ ಚಲನೆಯನ್ನು ಇಪ್ಪತ್ತೈದರಲ್ಲಿ ಬದಲಿಸುವುದು ಕಷ್ಟ. ತಿದ್ದುವುದಿದ್ದರೆ ಹನ್ನೆರಡು–ಹದಿಮೂರರ ವಯಸ್ಸಿನಲ್ಲೇ ತಿದ್ದಬೇಕು.

ಒಂದು ಎಚ್ಚರಿಕೆಯೂ ಇಲ್ಲಿ ಅಗತ್ಯ. ಟಿ.ವಿ. ಪರದೆ ನೋಡಿ, ಈ ಬೌಲರ್‌ನ ಶೈಲಿ ವಿಚಿತ್ರವಾಗಿದೆ, ಆದ್ದರಿಂದ ಬೆನ್ನು ಕೆಟ್ಟಿತು ಎಂದು ತೀರ್ಪು ಕೊಡುವುದು ನಮ್ಮಲ್ಲಿ ರೂಢಿಯಾಗಿದೆ. ಕಣ್ಣಿಗೆ ವಿಚಿತ್ರವಾಗಿ ಕಾಣುವ ಶೈಲಿಗೂ ಪಾರ್ಸ್ ಮೇಲೆ ಬೀಳುವ ಒತ್ತಡಕ್ಕೂ ನೇರ ಸಂಬಂಧವಿಲ್ಲ. ಆ ಒತ್ತಡವನ್ನು ಅಂದಾಜು ಮಾಡುವುದು ಪ್ರಯೋಗಾಲಯದ ಕ್ಯಾಮೆರಾ ಮತ್ತು ಬಲಮಾಪಕ ಫಲಕಗಳ ಕೆಲಸ.

5. ಎಸೆತಗಳ ಲೆಕ್ಕ

ಶೈಲಿ ತಿದ್ದುವುದು ಕಷ್ಟ. ಎಸೆತ ಎಣಿಸುವುದು ಸುಲಭ. ತಡೆಗಟ್ಟುವಿಕೆಯ ಹೆಚ್ಚಿನ ಸಂಶೋಧನೆ ಈ ದಾರಿಯಲ್ಲೇ ನಡೆದಿದೆ.

2003ರಲ್ಲಿ ರೆಬೆಕಾ ಡೆನ್ನಿಸ್ ಮತ್ತು ಸಂಗಡಿಗರು ಆಸ್ಟ್ರೇಲಿಯಾದ ವೇಗಿಗಳನ್ನು ಕುರಿತು ಪ್ರಕಟಿಸಿದ ಅಧ್ಯಯನದಲ್ಲಿ, ವಾರಕ್ಕೆ ಸರಾಸರಿ 123ರಿಂದ 188 ಎಸೆತ ಹಾಕಿದವರಿಗಿಂತ 188ಕ್ಕೂ ಹೆಚ್ಚು ಹಾಕಿದವರಲ್ಲಿ ಗಾಯದ ಸಂಭವ ಜಾಸ್ತಿ ಕಂಡಿತು. ಆದರೆ 123ಕ್ಕಿಂತ ಕಡಿಮೆ ಹಾಕಿದವರಲ್ಲೂ ಅದು ಜಾಸ್ತಿಯೇ ಕಂಡಿತು. ಬೌಲಿಂಗ್ ದಿನಗಳ ನಡುವಿನ ಅಂತರದಲ್ಲೂ ಇದೇ ಕಥೆ: ಸರಾಸರಿ ಎರಡು ದಿನಕ್ಕಿಂತ ಕಡಿಮೆ ಅಂತರವೂ ಅಪಾಯ, ಐದು ದಿನ ದಾಟಿದ ಅಂತರವೂ ಅಪಾಯ. ಬರೀ ವಿಶ್ರಾಂತಿ ಮದ್ದಲ್ಲ ಎಂಬುದು ಇದರ ತಿರುಳು. ಹೊರೆ ಹೊತ್ತು ರೂಢಿಯಿಲ್ಲದ ಮೂಳೆ ಹೊರೆ ಬಿದ್ದಾಗ ತಾಳುವುದಿಲ್ಲ.

2009ರಲ್ಲಿ ಜಾನ್ ಆರ್ಚರ್ಡ್ ತಂಡದ ಅಧ್ಯಯನ ಕಾಲದ ಪ್ರಶ್ನೆಯನ್ನು ಮುನ್ನೆಲೆಗೆ ತಂದಿತು. ಒಂದು ಪಂದ್ಯದಲ್ಲಿ 50ಕ್ಕಿಂತ ಹೆಚ್ಚು ಓವರ್ ಹಾಕಿದ ವೇಗಿಗೆ ಮುಂದಿನ 21 ದಿನಗಳಲ್ಲಿ ಗಾಯವಾಗುವ ಸಂಭವ ಉಳಿದವರ 1.77 ಪಟ್ಟು ಇತ್ತು. ಪಂದ್ಯದ ದಿನ ಏನೂ ಆಗದೆ, ಮೂರು–ನಾಲ್ಕು ವಾರಗಳ ಬಳಿಕ ಗಾಯ ತಲೆ ಎತ್ತಬಹುದು. ಮೂಳೆಯ ದುರಸ್ತಿ ಕ್ರಮವನ್ನು ನೆನಪಿಟ್ಟುಕೊಂಡರೆ ಈ ವಿಳಂಬ ಆಶ್ಚರ್ಯವಲ್ಲ. 2015ರಲ್ಲಿ ಅದೇ ತಂಡ ಗಾಯಗಳನ್ನು ಅಂಗಾಂಶದ ಪ್ರಕಾರ ಬೇರ್ಪಡಿಸಿ ನೋಡಿತು. ಮೂಳೆಯ ಗಾಯಕ್ಕೆ ಕಾರಣವಾಗುವುದು ಹಿಂದಿನ ವಾರದ ಹೊರೆಗಿಂತ ಹಿಂದಿನ ಮೂರು ತಿಂಗಳ ಹೊರೆ. ವೃತ್ತಿಯುದ್ದಕ್ಕೂ ಹೆಚ್ಚು ಓವರ್ ಹಾಕಿ ಪಳಗಿದವರಿಗೆ ಅಪಾಯ ಕಡಿಮೆ. ಅದೇ ವರ್ಷದ ಮತ್ತೊಂದು ವಿಶ್ಲೇಷಣೆಯ ಪ್ರಕಾರ, 22 ವರ್ಷಕ್ಕಿಂತ ಕಿರಿಯ ವೇಗಿಗಳಿಗೆ ಮೂಳೆಯ ಗಾಯವಾಗುವ ಸಂಭವ ಹಿರಿಯ ವಯೋಮಾನದವರ 3.7ರಿಂದ 6.7 ಪಟ್ಟು. ಮೂಳೆಯ ಸಾಂದ್ರತೆ ಇಪ್ಪತ್ತರ ದಶಕದವರೆಗೂ ಬೆಳೆಯುತ್ತಲೇ ಇರುತ್ತದೆ ಎಂಬುದು ಇದರ ಹಿನ್ನೆಲೆ.

ಪ್ಯಾಟ್ ಕಮಿನ್ಸ್ ಈ ಅಂಕಿಗಳಿಗೆ ಜೀವಂತ ಉದಾಹರಣೆ. 2011ರ ನವೆಂಬರ್‌ನಲ್ಲಿ ಜೊಹಾನೆಸ್‌ಬರ್ಗ್‌ನಲ್ಲಿ 18ರ ಹರೆಯದಲ್ಲಿ ಟೆಸ್ಟ್‌ಗೆ ಕಾಲಿಟ್ಟು, 79 ರನ್ನಿಗೆ 6 ವಿಕೆಟ್ ಕಿತ್ತು ಪಂದ್ಯಶ್ರೇಷ್ಠರಾದರು. ಅವರು ಎರಡನೇ ಟೆಸ್ಟ್ ಆಡಿದ್ದು 2017ರ ಮಾರ್ಚ್‌ನಲ್ಲಿ, ರಾಂಚಿಯಲ್ಲಿ. ನಡುವಿನ ಐದು ವರ್ಷಗಳ ಬಹುಪಾಲನ್ನು ಬೆನ್ನಿನ ಸ್ಟ್ರೆಸ್ ಫ್ರ್ಯಾಕ್ಚರ್‌ಗಳೇ ನುಂಗಿದವು. ಮೂಳೆ ಬಲಿತ ಮೇಲೆ ಅದೇ ಬೌಲರ್ ಆಸ್ಟ್ರೇಲಿಯಾದ ನಾಯಕನಾಗಿ ಸರಣಿಗಟ್ಟಲೆ ಆಡಿದರು.

2014ರಲ್ಲಿ ಬಿಲ್ಲಿ ಹುಲಿನ್ ಮತ್ತು ಸಂಗಡಿಗರು ಆಯಾ ವಾರದ ಹೊರೆಯನ್ನು ನಾಲ್ಕು ವಾರಗಳ ಸರಾಸರಿಗೆ ಹೋಲಿಸುವ ಅನುಪಾತವನ್ನು ವೇಗಿಗಳ ಮೇಲೆ ಪ್ರಯೋಗಿಸಿದರು. ಹೊರೆ ದಿಢೀರನೆ ದುಪ್ಪಟ್ಟಾದಾಗ ಗಾಯದ ಸಂಭವ ಹಲವು ಪಟ್ಟು ಏರಿತು. ಈ ಅನುಪಾತ ಎಲ್ಲ ಕ್ರೀಡೆಗಳಿಗೂ ಹಬ್ಬಿತು, ತಂಡಗಳ ಕಂಪ್ಯೂಟರುಗಳಲ್ಲಿ ಕೆಂಪು–ಹಸಿರು ದೀಪವಾಗಿ ಕೂತಿತು. ಅದರ ಗಣಿತದ ಬಗ್ಗೆ ಬಳಿಕ ಗಂಭೀರ ಆಕ್ಷೇಪಗಳೂ ಬಂದಿವೆ: ಈ ವಾರದ ಹೊರೆ ಅಂಶದಲ್ಲೂ ಛೇದದಲ್ಲೂ ಸೇರಿಕೊಳ್ಳುವುದರಿಂದ ಕೃತಕ ಸಂಬಂಧ ಹುಟ್ಟುತ್ತದೆ, ಸಂಬಂಧ ಕಂಡ ಮಾತ್ರಕ್ಕೆ ಕಾರಣ ಸಿದ್ಧವಾಗದು. ಈ ಆಕ್ಷೇಪಗಳು ನ್ಯಾಯವಾದವು. ಅನುಪಾತದ ಯಾವುದೋ ಒಂದು ಅಂಕಿಯನ್ನು ಲಕ್ಷ್ಮಣರೇಖೆ ಮಾಡಿಕೊಳ್ಳುವುದು ತಪ್ಪು. ಹೊರೆಯನ್ನು ನಿಧಾನವಾಗಿ ಏರಿಸಬೇಕು ಎಂಬ ಮೂಲ ತತ್ವಕ್ಕೆ ಮಾತ್ರ ಇದರಿಂದ ಧಕ್ಕೆಯಿಲ್ಲ.

ಐಪಿಎಲ್‌ನಂತಹ ಟೂರ್ನಿ ತರುವ ತೊಡಕು ಇಲ್ಲಿ ಅರ್ಥವಾಗುತ್ತದೆ. ವಾರಕ್ಕೆ ಎರಡು ಪಂದ್ಯವೆಂದರೆ ವೇಗಿಯೊಬ್ಬ ಪಂದ್ಯದಲ್ಲಿ ಹಾಕುವುದು ಹೆಚ್ಚೆಂದರೆ 48 ಎಸೆತ. ಎರಡು ತಿಂಗಳು ಹೀಗೆ ಕಳೆದು, ನೇರವಾಗಿ ದಿನಕ್ಕೆ ಹದಿನೆಂಟು–ಇಪ್ಪತ್ತು ಓವರ್ ಬೇಡುವ ಟೆಸ್ಟ್‌ಗೆ ಇಳಿದರೆ ಮೂಳೆಗೆ ಅದು ದಿಢೀರ್ ಏರಿಕೆ. 2025ರ ಐಪಿಎಲ್ ಫೈನಲ್ ನಡೆದದ್ದು ಜೂನ್ 3ರಂದು. ಇಂಗ್ಲೆಂಡ್ ವಿರುದ್ಧದ ಲೀಡ್ಸ್ ಟೆಸ್ಟ್ ಶುರುವಾದದ್ದು ಜೂನ್ 20ರಂದು. ಇಂಥ ಅಂತರದಲ್ಲಿ ಕೋಚ್‌ಗಳು ನೆಟ್ಸ್‌ನಲ್ಲಿ ಬೌಲಿಂಗ್ ಹೆಚ್ಚಿಸಿ ದೇಹವನ್ನು ಅಣಿಗೊಳಿಸಬೇಕೇ ಹೊರತು ಪೂರ್ತಿ ವಿಶ್ರಾಂತಿ ಕೊಡಬಾರದು.

6. ಬುಮ್ರಾ ಮತ್ತು ಸಿರಾಜ್

2024–25ರ ಆಸ್ಟ್ರೇಲಿಯಾ ಸರಣಿಯಲ್ಲಿ ಬುಮ್ರಾ ಐದು ಟೆಸ್ಟ್‌ಗಳಲ್ಲಿ 151.2 ಓವರ್ ಹಾಕಿ 32 ವಿಕೆಟ್ ಪಡೆದರು. ಮೆಲ್ಬರ್ನ್ ಟೆಸ್ಟ್‌ನಲ್ಲಿ ಅವರ ಪಾಲು ಮೊದಲ ಇನಿಂಗ್ಸ್‌ನಲ್ಲಿ 28.4, ಎರಡನೆಯದರಲ್ಲಿ 24.4, ಒಟ್ಟು 53.2 ಓವರ್. ಆ ಪಂದ್ಯ ಮುಗಿದದ್ದು ಡಿಸೆಂಬರ್ 30ರಂದು. ಜನವರಿ 3ರಂದು ಸಿಡ್ನಿ ಟೆಸ್ಟ್ ಶುರುವಾಯಿತು. ಅಲ್ಲಿ 10 ಓವರ್ ಹಾಕಿದ ಬುಮ್ರಾ ಬೆನ್ನು ಹಿಡಿದುಕೊಂಡು ಸ್ಕ್ಯಾನಿಂಗ್‌ಗೆ ಹೊರಟರು. ಎರಡನೇ ಇನಿಂಗ್ಸ್‌ನಲ್ಲಿ ಬೌಲ್ ಮಾಡಲಿಲ್ಲ. ಚಾಂಪಿಯನ್ಸ್ ಟ್ರೋಫಿಯನ್ನೂ ತಪ್ಪಿಸಿಕೊಂಡರು. ಆರ್ಚರ್ಡ್ ತಂಡದ 50 ಓವರ್ ಗೆರೆಯನ್ನು ದಾಟಿದ ಪಂದ್ಯದ ಬೆನ್ನಲ್ಲೇ ಇದಾಯಿತು ಎಂಬುದು ಗಮನಾರ್ಹ. ಆದರೆ ಒಬ್ಬನ ಒಂದು ಗಾಯದಿಂದ ಆ ನಿಯಮ ರುಜುವಾಗುವುದಿಲ್ಲ. ಸಂಭವದ ಲೆಕ್ಕ ಸಾಗುವುದು ನೂರಾರು ಪಂದ್ಯಗಳ ಮೇಲೆ.

ಇದಕ್ಕೆ ಎದುರಾಗಿ ಮೊಹಮ್ಮದ್ ಸಿರಾಜ್ ಅವರನ್ನು ಇಟ್ಟು ವಾದಿಸುವವರಿದ್ದಾರೆ. 2025ರ ಇಂಗ್ಲೆಂಡ್ ಪ್ರವಾಸದಲ್ಲಿ ಬುಮ್ರಾ ಮೂರೇ ಟೆಸ್ಟ್ ಆಡುತ್ತಾರೆಂದು ಮೊದಲೇ ಗೊತ್ತುಮಾಡಲಾಗಿತ್ತು; ಅಷ್ಟೇ ಆಡಿದರು. ಸಿರಾಜ್ ಐದನ್ನೂ ಆಡಿ 185.3 ಓವರ್, ಅಂದರೆ 1113 ಎಸೆತ ಹಾಕಿದರು. 23 ವಿಕೆಟ್ ಪಡೆದು ಓವಲ್‌ನಲ್ಲಿ ಗೆಲುವು ತಂದುಕೊಟ್ಟರು. ಅದೇ ಪಂದ್ಯದಲ್ಲಿ ಪ್ರಸಿದ್ಧ್ ಕೃಷ್ಣ ಎರಡೂ ಇನಿಂಗ್ಸ್‌ಗಳಲ್ಲಿ ತಲಾ ನಾಲ್ಕು ವಿಕೆಟ್ ಪಡೆದರು. ಹಾಗಾದರೆ ಹೊರೆ ನಿರ್ವಹಣೆ ಎಂಬುದು ದೊಡ್ಡವರ ನೆಪವೆ ಎಂದು ಜನ ಕೇಳಿದರು.

ಬುಮ್ರಾ ಹುಟ್ಟಿದ್ದು 1993ರ ಡಿಸೆಂಬರ್, ಸಿರಾಜ್ 1994ರ ಮಾರ್ಚ್. ವಯಸ್ಸು ಹೆಚ್ಚುಕಡಿಮೆ ಒಂದೇ, ಚರಿತ್ರೆ ಬೇರೆ. ಬುಮ್ರಾ ಅವರ ಕೆಳಬೆನ್ನಿನಲ್ಲಿ 2019ರಲ್ಲೇ ಸ್ಟ್ರೆಸ್ ಫ್ರ್ಯಾಕ್ಚರ್ ಕಂಡಿತ್ತು. 2022ರಲ್ಲಿ ಬೆನ್ನು ಮತ್ತೆ ಕೈಕೊಟ್ಟು, ಟಿ20 ವಿಶ್ವಕಪ್ ತಪ್ಪಿ, 2023ರ ಮಾರ್ಚ್‌ನಲ್ಲಿ ನ್ಯೂಜಿಲೆಂಡ್‌ನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಹಿಂದೊಮ್ಮೆ ಗಾಯವಾಗಿರುವುದು ಮುಂದಿನ ಗಾಯದ ಬಲವಾದ ಮುನ್ಸೂಚನೆಗಳಲ್ಲಿ ಒಂದು ಎಂಬುದನ್ನು ಕ್ರೀಡಾ ವೈದ್ಯಶಾಸ್ತ್ರ ಹಲವು ಆಟಗಳಲ್ಲಿ ಕಂಡಿದೆ. ಇಬ್ಬರಿಗೂ ಒಂದೇ ಅಳತೆಗೋಲು ಹಿಡಿಯುವುದು ನ್ಯಾಯವೆಂದು ತೋರಬಹುದು. ವೈದ್ಯಕೀಯವಾಗಿ ಅದು ಅವಿವೇಕ.

7. ಪತ್ತೆ ಹಚ್ಚುವುದು

ಈ ಗಾಯದ ನೋವು ಮೊದಮೊದಲು ಮೋಸ ಮಾಡುತ್ತದೆ. ಬೌಲಿಂಗ್ ಮುಗಿದ ಮೇಲೆ ಸೊಂಟದ ಒಂದು ಬದಿಯಲ್ಲಿ ಮಂದವಾದ ನೋವು. ರಾತ್ರಿ ಮಲಗೆದ್ದರೆ ಇಲ್ಲ. ಹುಡುಗ ಅದನ್ನು ಸ್ನಾಯು ಸೆಳೆತವೆಂದು ಬಗೆಯುತ್ತಾನೆ, ಎಣ್ಣೆ ತಿಕ್ಕಿಸಿಕೊಂಡು ಮತ್ತೆ ಮೈದಾನಕ್ಕೆ ಹೋಗುತ್ತಾನೆ. ಒಂಟಿಕಾಲಲ್ಲಿ ನಿಲ್ಲಿಸಿ ಬೆನ್ನನ್ನು ಹಿಂದಕ್ಕೆ ಬಾಗಿಸುವ ಪರೀಕ್ಷೆಯನ್ನು ಫಿಸಿಯೊಗಳು ಬಹುಕಾಲ ನಂಬಿದ್ದರು. ಅದೊಂದರಿಂದಲೇ ಮೂಳೆಯ ಗಾಯವನ್ನು ಗುರುತಿಸಲಾಗದು ಎಂದು 2006ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿಕೊಟ್ಟಿತು. ಸಾಮಾನ್ಯ ಎಕ್ಸ್-ರೇಯಲ್ಲಿ ಆರಂಭದ ಹಂತ ಕಾಣುವುದೇ ಇಲ್ಲ.

ಈಗ ಹೆಚ್ಚು ನೆಚ್ಚಿಕೊಂಡಿರುವುದು ಎಂಆರ್‌ಐಯನ್ನು. ಮೂಳೆ ಬಿರುಕು ಬಿಡುವ ಮುನ್ನವೇ ಪಾರ್ಸ್‌ನ ಮಜ್ಜೆಯಲ್ಲಿ ಊತ ಕಾಣಿಸಿಕೊಳ್ಳುತ್ತದೆ. ಆಸ್ಟ್ರೇಲಿಯಾದಲ್ಲಿ ಅಲೆಕ್ಸ್ ಕೌಂಟೂರಿಸ್ ಮತ್ತು ಸಂಗಡಿಗರು ಕಿರಿಯ ವೇಗಿಗಳಿಗೆ ಋತುವಿನುದ್ದಕ್ಕೂ ಮತ್ತೆ ಮತ್ತೆ ಎಂಆರ್‌ಐ ಮಾಡಿಸಿ, ನೋವು ಶುರುವಾಗುವುದಕ್ಕೆ ವಾರಗಳ ಮೊದಲೇ ಈ ಊತ ಇರುವುದನ್ನು ಕಂಡರು. ಊತ ಕಂಡಾಗಲೇ ಬೌಲಿಂಗ್ ಇಳಿಸಿದರೆ ಫ್ರ್ಯಾಕ್ಚರ್ ತಪ್ಪಿಸುವ ಅವಕಾಶವಿದೆ. ಸಿ.ಟಿ. ಸ್ಕ್ಯಾನ್ ಬಿರುಕಿನ ಗೆರೆಯನ್ನು ಸ್ಪಷ್ಟವಾಗಿ ತೋರಿಸುತ್ತದೆ, ಆದರೆ ವಿಕಿರಣದ ಕಾರಣ ಎಳೆಯರಿಗೆ ಪದೇ ಪದೇ ಮಾಡುವಂತಿಲ್ಲ. ಊತ ಕಂಡವರೆಲ್ಲರ ಮೂಳೆ ಮುರಿಯುವುದಿಲ್ಲ ಎಂಬುದೂ ನಿಜ. ಸ್ಕ್ಯಾನ್ ವರದಿಯನ್ನು ಬೌಲಿಂಗ್ ಲೆಕ್ಕದ ಜೊತೆಗಿಟ್ಟು ಓದಬಲ್ಲ ವೈದ್ಯರೇ ಬೇಕು.

8. ಚೇತರಿಕೆ

ಗಾಯ ಖಚಿತವಾದರೆ ಮೊದಲ ಚಿಕಿತ್ಸೆ ಬೌಲಿಂಗ್ ನಿಲ್ಲಿಸುವುದು. ಆರಂಭದ ವಾರಗಳಲ್ಲಿ ಓಟವೂ ಇಲ್ಲ. ದಿನನಿತ್ಯದ ನೋವು ಹೋದ ಮೇಲೆ ಹೊಟ್ಟೆ, ಬೆನ್ನು, ಪೃಷ್ಠದ ಸ್ನಾಯುಗಳ ವ್ಯಾಯಾಮ, ಬಳಿಕ ಓಟ, ಆಮೇಲೆ ನಿಂತಲ್ಲೇ ಎಸೆತ, ನಡೆದುಬಂದು ಎಸೆತ, ಅರ್ಧ ರನ್‌ಅಪ್, ಪೂರ್ಣ ರನ್‌ಅಪ್, ಪ್ರತಿ ಹಂತದಲ್ಲೂ ಎಸೆತಗಳ ಮಿತಿ, ನಡುವೆ ಬಿಡುವಿನ ದಿನ. ಪೂರ್ಣ ಪಂದ್ಯಕ್ಕೆ ಮರಳಲು ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು ಹಿಡಿಯುತ್ತದೆ, ಕೆಲವರಿಗೆ ವರ್ಷವೂ ಆದೀತು. ನೆಟ್ಸ್ ಮತ್ತು ಪಂದ್ಯದ ನಡುವೆ ಅಭ್ಯಾಸ ಪಂದ್ಯದ ಮೆಟ್ಟಿಲು ಇರುವುದೂ ಈ ತರ್ಕದಿಂದಲೇ. ನೆಟ್ಸ್‌ನಲ್ಲಿ ಬೌಲರ್ ದಣಿದಾಗ ನಿಲ್ಲಿಸಬಹುದು. ಪಂದ್ಯದಲ್ಲಿ ಎರಡನೇ ಸ್ಪೆಲ್ ಇರುತ್ತದೆ, ಫೀಲ್ಡಿಂಗ್ ಇರುತ್ತದೆ, ದಣಿದ ಸ್ನಾಯುಗಳು ಹೊರಲಾರದ ಹೊಡೆತ ಮೂಳೆಗೆ ಇಳಿಯುತ್ತದೆ.

ಆಹಾರವನ್ನೂ ಈ ಲೆಕ್ಕದಿಂದ ಬಿಡುವಂತಿಲ್ಲ. ಶ್ರಮಕ್ಕೆ ತಕ್ಕಷ್ಟು ಉಣ್ಣದ ಆಟಗಾರನ ಮೂಳೆ ಸೊರಗುತ್ತದೆ ಎಂಬುದನ್ನು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರ ತಜ್ಞರ ಹೇಳಿಕೆಯಲ್ಲೇ ಎತ್ತಿ ಹೇಳಿದೆ. ಕ್ಯಾಲ್ಸಿಯಂ, ವಿಟಮಿನ್ ಡಿ, ನಿದ್ದೆ ಇವು ಗುಳಿಗೆಗಿಂತ ಮೊದಲು ವಿಚಾರಿಸಬೇಕಾದ ಸಂಗತಿಗಳು.

ವಿಶ್ರಾಂತಿ, ವ್ಯಾಯಾಮಗಳಿಂದ ಮೂಳೆ ಕೂಡದೆ ಗಾಯ ಮರುಕಳಿಸಿದವರಿಗೆ ಶಸ್ತ್ರಚಿಕಿತ್ಸೆ. ನ್ಯೂಜಿಲೆಂಡ್ ವೇಗಿ ಶೇನ್ ಬಾಂಡ್ ಅವರ ಬೆನ್ನಿಗೆ 2004ರಲ್ಲಿ ಟೈಟಾನಿಯಂ ತಂತಿ ಬಳಸಿ ಶಸ್ತ್ರಚಿಕಿತ್ಸೆ ಮಾಡಲಾಯಿತು. 2005ರ ಆಗಸ್ಟ್‌ನಲ್ಲಿ ಬುಲವಾಯೊದಲ್ಲಿ ಭಾರತದ ವಿರುದ್ಧ 19 ರನ್ನಿಗೆ 6 ವಿಕೆಟ್ ಕಿತ್ತು ಅವರು ಮರಳಿದರು. ಆಮೇಲೆ ಜೇಮ್ಸ್ ಪ್ಯಾಟಿನ್ಸನ್, ಜೇಸನ್ ಬೆಹ್ರೆನ್‌ಡಾರ್ಫ್, ಬುಮ್ರಾ, ಕ್ಯಾಮರಾನ್ ಗ್ರೀನ್ ಹೀಗೆ ನ್ಯೂಜಿಲೆಂಡ್‌ನ ಹಾದಿ ಹಿಡಿದವರ ಪಟ್ಟಿ ಬೆಳೆಯಿತು. ಫಲಿತಾಂಶ ಉತ್ತೇಜಕ ನಿಜ. ಆದರೆ ಇವರೆಲ್ಲ ಶಸ್ತ್ರಚಿಕಿತ್ಸೆಯ ಬಳಿಕ ತಿಂಗಳುಗಟ್ಟಲೆ ನುರಿತ ಫಿಸಿಯೊಗಳ ಕಣ್ಗಾವಲಿನಲ್ಲಿ ಚೇತರಿಸಿಕೊಂಡವರು. ಆ ಕಣ್ಗಾವಲಿಲ್ಲದ ಆಟಗಾರನಿಗೆ ಶಸ್ತ್ರಚಿಕಿತ್ಸೆಯನ್ನು ಸುಲಭದ ಹಾದಿಯೆಂದು ತೋರಿಸುವುದು ಸರಿಯಲ್ಲ.

9. ಎಳೆಯರ ಮಟ್ಟದಲ್ಲಿ

ಬೆಂಗಳೂರಿನಲ್ಲಿ 2000ದಲ್ಲಿ ಶುರುವಾದ ರಾಷ್ಟ್ರೀಯ ಅಕಾಡೆಮಿ 2024ರಲ್ಲಿ ವಿಮಾನನಿಲ್ದಾಣದ ದಿಕ್ಕಿನ ಹೊಸ ಉತ್ಕೃಷ್ಟತಾ ಕೇಂದ್ರಕ್ಕೆ ಸ್ಥಳಾಂತರಗೊಂಡಿದೆ. ದೇಶದ ಅಗ್ರ ವೇಗಿಗಳ ಬೆನ್ನನ್ನು ನೋಡಿಕೊಳ್ಳುವ ವ್ಯವಸ್ಥೆ ನಮ್ಮ ನೆಲದಲ್ಲೇ ಇದೆ. ಆದರೆ ಈ ಟಿಪ್ಪಣಿಯಲ್ಲಿ ಕಂಡ ಅಂಕಿಗಳೆಲ್ಲ ಬೊಟ್ಟು ಮಾಡುವುದು ಬೇರೆಡೆಗೆ. ಗಾಯದ ಅಪಾಯ ಅತಿ ಹೆಚ್ಚು ಇರುವುದು 22ರೊಳಗಿನವರಿಗೆ; ಶೈಲಿ ತಿದ್ದಲು ಸಾಧ್ಯವಿರುವುದು ಹದಿಹರೆಯಕ್ಕೆ ಕಾಲಿಡುವ ಹೊತ್ತಿಗೆ; ಹೊರೆಯನ್ನು ತಾಳುವ ಮೂಳೆ ಕಟ್ಟಿಕೊಳ್ಳುವುದೂ ಆ ವಯಸ್ಸಿನಲ್ಲೇ. ಆ ವಯಸ್ಸಿನ ಹುಡುಗ ಶಾಲೆಯ ತಂಡ, ಕ್ಲಬ್, ವಲಯ ತಂಡ, ಸಂಜೆಯ ಅಕಾಡೆಮಿ ಎಂದು ನಾಲ್ಕು ಕಡೆ ಬೌಲ್ ಮಾಡುತ್ತಿರುತ್ತಾನೆ. 16ರೊಳಗಿನವರ ವಿಜಯ್ ಮರ್ಚೆಂಟ್ ಟ್ರೋಫಿ, 19ರೊಳಗಿನವರ ಕೂಚ್ ಬೆಹಾರ್ ಟ್ರೋಫಿ ಎರಡೂ ಹಲವು ದಿನಗಳ ಪಂದ್ಯಗಳೇ. ಪ್ರತಿ ಕೋಚ್‌ಗೂ ತನ್ನ ಪಾಲಿನ ಎಸೆತಗಳಷ್ಟೇ ಗೊತ್ತು. ಒಟ್ಟು ಲೆಕ್ಕ ಹುಡುಗನ ಬೆನ್ನಿಗೆ ಮಾತ್ರ ಗೊತ್ತು.

ಇಂಗ್ಲೆಂಡಿನ ಮಂಡಳಿ ಎಳೆಯ ವೇಗಿಗಳಿಗಾಗಿ ಬಹುಕಾಲ ಜಾರಿಯಲ್ಲಿಟ್ಟಿದ್ದ ನಿಯಮ ಸರಳವಾಗಿತ್ತು. 13ರವರೆಗಿನವರಿಗೆ ಒಂದು ಸ್ಪೆಲ್‌ಗೆ 5 ಓವರ್, ದಿನಕ್ಕೆ 10. 15ರೊಳಗಿನವರಿಗೆ 6 ಮತ್ತು 12. 19ರೊಳಗಿನವರಿಗೆ 7 ಮತ್ತು 18. ಈ ಅಂಕಿಗಳೇ ಅಂತಿಮ ಸತ್ಯವೇನಲ್ಲ. ನಾಯಕನ ಆಸೆಗೂ ಅಂಪೈರ್‌ನ ಕಣ್ಣಿಗೂ ನಡುವೆ ಒಂದು ಲಿಖಿತ ಮಿತಿ ಇತ್ತು ಎಂಬುದೇ ಅದರ ಬೆಲೆ. ಈ ಸಂಶೋಧನೆಯ ಬಹುಪಾಲು ಆಸ್ಟ್ರೇಲಿಯಾ, ಇಂಗ್ಲೆಂಡುಗಳ ಪುರುಷ ಬೌಲರ್‌ಗಳ ಮೇಲೆ ನಡೆದದ್ದು ಎಂಬ ಮಿತಿಯನ್ನೂ ಮರೆಯಬಾರದು. ನಮ್ಮ ಬಿಸಿಲು, ನಮ್ಮ ಗಟ್ಟಿನೆಲ, ನಮ್ಮ ಊಟ, ನಮ್ಮ ಹೆಣ್ಣುಮಕ್ಕಳ ಬೌಲಿಂಗ್ ಕುರಿತು ಇಲ್ಲಿಯದೇ ಅಂಕಿಗಳು ಬೇಕು. ಅವು ಸಿಗುವುದು ಲೀಗ್ ಮಟ್ಟದಲ್ಲಿ ಯಾರಾದರೂ ಎಸೆತಗಳನ್ನು ಬರೆದಿಡಲು ಶುರುಮಾಡಿದಾಗ.

10. ನಿಲುವು

ಮೇಲಿನ ಪರಿಶೀಲನೆಯಿಂದ ಕೋಚ್‌ಗಳಿಗೂ ಪಾಲಕರಿಗೂ ಮೂರು ಮಾತು ಹೇಳಬಹುದು. ಎಳೆಯ ವೇಗಿಯ ಎಲ್ಲ ಎಸೆತಗಳನ್ನೂ, ನೆಟ್ಸ್‌ನವನ್ನೂ ಸೇರಿಸಿ, ಒಂದೇ ಪುಸ್ತಕದಲ್ಲಿ ಬರೆದಿಡಿ. ಆ ಪುಸ್ತಕ ಹುಡುಗನ ಕಿಟ್ ಬ್ಯಾಗ್‌ನಲ್ಲಿರಲಿ, ಯಾವ ತಂಡಕ್ಕೆ ಹೋದರೂ ಅದನ್ನು ಮೊದಲು ತೋರಿಸಲಿ. ರಜೆ ಮುಗಿಸಿ ಬಂದವನ ಹೊರೆಯನ್ನು ವಾರದಿಂದ ವಾರಕ್ಕೆ ಏರಿಸಿ, ಒಮ್ಮೆಲೇ ಹೇರಬೇಡಿ. ಹತ್ತೊಂಬತ್ತರೊಳಗಿನ ವೇಗಿಗೆ ಬೌಲಿಂಗ್ ಮಾಡುವಾಗ ಸೊಂಟದ ಒಂದೇ ಬದಿಯಲ್ಲಿ ನೋವು ಬಂದು, ಮುಂದಿನ ಸಲವೂ ಅದೇ ಜಾಗದಲ್ಲಿ ಕಾಣಿಸಿಕೊಂಡರೆ, ಅದನ್ನು ಮೂಳೆಯ ಗಾಯವೆಂದೇ ಎಣಿಸಿ ಬೌಲಿಂಗ್ ನಿಲ್ಲಿಸಿ. ಅಲ್ಲವೆಂದು ವೈದ್ಯರು ಹೇಳಿದ ಮೇಲೆ ಮತ್ತೆ ಅವನ ಕೈಗೆ ಚೆಂಡು ಕೊಡಿ.